ಸಂಡಿಗೆಯ ಮೇಲಿನ ಮಸಿ

ಊರಿಗೊಂದು ಹೊಸ ಕಾಯ್ದೆ ಬಂದಿತ್ತು. ಪ್ರತಿ ಕಟ್ಟಡಕ್ಕೂ ಕರೆಂಟಿನ ಪಾಲು ಇಷ್ಟೇ ಅಂತ. ಉಳಿಸಿದವರು ಉಳಿದದ್ದನ್ನು ಬೇರೆಯವರಿಗೆ ಮಾರಬಹುದು.

ಬಟ್ಟೆ ಅಂಗಡಿಯ ಗುರುಶಾಂತಪ್ಪನವರು ಮೀಟರ್ ಓದುವ ಗೂಳಪ್ಪನನ್ನು ಗಿರಾಕಿಗಳ ಎದುರೇ ಗದರಿದರು. "ಅರ್ಧಕ್ಕರ್ಧ ಕರೆಂಟು ಉಳಿಸಿದೀನಿ ಕಣಯ್ಯಾ. ಏನು ನೋಡ್ತಾ ನಿಂತೆ? ಉಳಿತಾಯದ ಪತ್ರಕ್ಕೆ ಸಹಿ ಹಾಕು!"

ಮೀಟರೇನೋ ಅರ್ಧವೇ ತೋರಿಸುತ್ತಿತ್ತು. ಆದರೆ ಸುಡು ಬೇಸಿಗೆಯಲ್ಲೂ ಅಂಗಡಿಯ ನಾಲ್ಕೂ ಮಹಡಿಗಳು ಗಡಗಡ ನಡುಗಿಸುವಷ್ಟು ತಣ್ಣಗಿದ್ದವು. ಗೂಳಪ್ಪನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಬರುವಾಗ ಅಂಗಡಿಯ ಹಿತ್ತಲಿಗೆ ಹೊಂದಿಕೊಂಡ ಮನೆಯವರು ಒಣಹಾಕಿದ್ದ ಅಕ್ಕಿ ಸಂಡಿಗೆ ನೋಡಿದ್ದ. ಎಳ್ಳು ಸುರಿದ ಹಾಗೆ ಮೇಲೆಲ್ಲ ಮಸಿ.

ಅವನು ಕೈಮುಗಿದ. "ಧಾರಾಳವಾಗಿ ಹಾಕ್ತೀನಿ ಯಜಮಾನ್ರೇ. ಹೆರಿಗೆ ಆಸ್ಪತ್ರೆಯ ಡೀಸೆಲ್ ಜನರೇಟರ್ ಕೆಟ್ಟು ಕೂತಿದೆ. ನಿಮ್ಮ ಹಿತ್ತಲಿಂದು ಸುಮ್ನೆ ಬಿದ್ದಿರತ್ತಲ್ಲ, ಒಂದು ವಾರ ಕೊಡಿ. ನಿಮಗಂತೂ ಕರೆಂಟೇ ಮಿಕ್ಕಿದೆ!"

"ಪುಣ್ಯದ ಕೆಲಸ, ಕೊಡಿ ಸ್ವಾಮಿ," ಎಂದರು ಗಿರಾಕಿಗಳು.

ಗುರುಶಾಂತಪ್ಪನವರು ಹೌಹಾರಿದರು. "ಅದನ್ನ ಕೊಟ್ಟುಬಿಟ್ರೆ ಇಷ್ಟೊಂದು ಎಸಿ ನಿಮ್ಮಪ್ಪ ಓಡಿಸ್ತಾನಾ?"

ಗೂಳಪ್ಪ ಪೆನ್ನನ್ನು ಮೆಲ್ಲಗೆ ಜೇಬಿಗೆ ಸಿಕ್ಕಿಸಿದ.

"ಕರೆಂಟು ಉಳಿಸಿಕೊಟ್ಟಿದ್ದು ಆ ಜನರೇಟರೇ ತಾನೇ ಯಜಮಾನ್ರೇ? ಸಹಿನೂ ಅದರ ಹತ್ರವೇ ಹಾಕಿಸ್ಕೊಳ್ಳಿ."