ಮೊಲಕ್ಕೆ ಹೆದರಿದ ಹುಲಿ

ಗೋಣಿಮರದ ಹಕ್ಕಿಗಳಿಗೆ ಸಂಜೆಯಾದರೆ ಹುಲಿಯ ಕತೆ ಕಟ್ಟಿ ಹೇಳುವ ಚಟ. ಹುಲಿ ಕಾಡಿನದು, ಕತೆ ಮಾತ್ರ ಹೇಳುವವರದು. ಯಾರು ಹೇಗೆ ಬೇಕಾದರೂ ತಿರುಗಿಸಬಹುದು. ಆದರೆ ಕತೆಯಲ್ಲಿ ಏನಿದೆ ಅಂತ ಮೊದಲೇ ಸಾರಬೇಕು, ಒಗ್ಗದವರು ಆಚೆ ಕೊಂಬೆಗೆ ಹೋಗಬೇಕು. ಇಷ್ಟೇ ಅಲ್ಲಿಯ ಪದ್ಧತಿ.

ಹೊಸದಾಗಿ ಬಂದ ಪಿಕಳಾರ ಅಂಜುತ್ತಲೇ ಸಾರಿತು: "ನನ್ನ ಕತೆಯಲ್ಲಿ ಹುಲಿ ಮೊಲಕ್ಕೆ ಹೆದರಿ ಓಡುತ್ತದೆ. ಬೇಡದವರು ದಯವಿಟ್ಟು ಆಚೆ ಹೋಗಿ."

ಯಾರೂ ಕದಲಲಿಲ್ಲ. ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಗಿಣಿ ರೆಕ್ಕೆ ಬಡಿಯಿತು. "ನಮ್ಮ ಹುಲಿಯ ಮಾನ ಕಳೆದಳು! ಇವಳನ್ನು ಮರ ಬಿಡಿಸಿ!"

"ಮೊದಲೇ ಹೇಳಿದ್ದೆನಲ್ಲ ಗಿಣಿಯಣ್ಣ. ಯಾಕೆ ಕೂತಿರಿ?"

"ಕೂತು ಕೇಳದೆ ಬೈಯೋದು ಹೇಗಮ್ಮ?"

ಮುದಿ ಕಾಜಾಣ ಕೆಮ್ಮಿತು. "ಮೊನ್ನೆ ನಿನ್ನ ಕತೆಯಲ್ಲಿ ಇದೇ ಹುಲಿ ಒಂದು ಗಿಣಿಯ ಕಾಲಿಗೆ ಬಿದ್ದಿತ್ತಲ್ಲಪ್ಪ?"

"ಅದು ಬೇರೆ. ಅದು ಕಲೆ."

"ಇದೂ ಹಾಗೇ ಅಂದುಕೋ. ಅವಳು ಇಲ್ಲೇ ಇರಲಿ, ನೀನೇ ಆಚೆ ಹೋಗು."

ಗಿಣಿ ಸಿಡುಕುತ್ತಾ ಆಚೆ ಕೊಂಬೆಗೆ ಹಾರಿತು. ಪಿಕಳಾರ ಸಣ್ಣ ದನಿಯಲ್ಲೇ ಕತೆ ಮುಂದುವರಿಸಿತು. ತುಸು ಹೊತ್ತಿಗೆ ಆಚೆಯಿಂದ ಕೂಗು ಬಂತು:

"ಏ ಹುಡುಗಿ, ಸ್ವಲ್ಪ ಜೋರಾಗಿ ಹೇಳೇ! ಮೊಲ ಅಟ್ಟಿಸಿಕೊಂಡು ಬಂತು, ಆಮೇಲೆ?"