ಗಂಡಸರ ಕೈಗೆ ಬಳೆ

ವಾಮನ ಶೇಟರಿಗೆ ತಾವೊಬ್ರೇ ಬುದ್ಧಿವಂತ್ರು ಅನ್ನೋ ಜಂಬ. ಆನ್‌ಲೈನ್ ಬಳೆ ಅಂಗಡಿ ತೆರೆದು, ಅಳತೆ ನೋಡದೆ ದೊಡ್ಡ ದೊಡ್ಡ ಬಳೆ ರಾಶಿ ತರಿಸಿದ್ರು. ಯಾವ ಹೆಂಗಸು ತೊಟ್ರೂ ಜಾರಿ ಬೀಳೋವು. ಬೈಗುಳ ಮಾತ್ರ ಅಂಗಡಿ ನೋಡ್ಕೊಳ್ಳೋ ಕೆಲಸದ ಹುಡುಗಿಗೆ.

"ಈ ವಾರ ಇದಿಷ್ಟೂ ಖರ್ಚಾಗ್ಬೇಕು. ಇಲ್ಲಾಂದ್ರೆ ನಿನಗೆ ಕೆಲಸ ಇಲ್ಲ!"

ಅವಳು ವೆಬ್‌ಸೈಟಿಂದ ಬೇರೆಲ್ಲಾ ಬಳೆ ತೆಗೆದು, ದೊಡ್ಡವನ್ನಷ್ಟೇ ಉಳಿಸಿದ್ಲು. ಒಂದು ಡಬ್ಬ ಬಳೆ ಹಿಡ್ಕೊಂಡು, ಯಕ್ಷಗಾನದವರು ಬಣ್ಣ ಹಚ್ಚೋ ಚೌಕಿಗೆ ನಡೆದ್ಲು. ಅಲ್ಲಿ ದ್ರೌಪದಿ ವೇಷದ ಗಂಡಸು ಸಣ್ಣ ಬಳೆ ತೊಡೋಕೆ ಹೋಗಿ ಕೈಯೆಲ್ಲ ಗೀರ್ಕೊಂಡು ಕೂತಿದ್ದ. ಇವಳ ಬಳೆ ಸಲೀಸಾಗಿ ಏರ್ತು.

"ಅಬ್ಬ! ಇಷ್ಟು ದಿನ ಎಲ್ಲಿದ್ದೆ ತಂಗಿ?" ಅಂದ. ಬೇರೆ ಮೇಳದ ಸ್ತ್ರೀವೇಷದವರಿಗೂ ಹೇಳ್ದ. ಅವರೆಲ್ಲ ಬಳೆ ತರಿಸ್ಕೊಂಡು, ತೊಟ್ಟ ಫೋಟೋನೂ ವೆಬ್‌ಸೈಟಿಗೆ ಕಳಿಸಿದ್ರು. ರಾಶಿ ಕರಗ್ತು.

ಶೇಟರು ಎದೆ ಉಬ್ಬಿಸ್ಕೊಂಡು, ಮೀಸೆ ತಿರುವ್ತಾ ಬಂದ್ರು. "ಎಲ್ಲ ನನ್ನ ಐಡಿಯಾ! ಆ ಫೋಟೋಗಳ ಸಾಲಲ್ಲಿ ಮೊದಲು ನನ್ನ ಫೋಟೋ ಹಾಕು."

"ಆಗ್ಲಿ ಧಣಿ," ಅಂತ ಅವಳು ಒಂದು ಜೊತೆ ಬಳೆ ಮುಂದಿಟ್ಲು. "ಅಲ್ಲಿರೋರೆಲ್ಲ ಸ್ತ್ರೀವೇಷದೋರು. ಮೀಸೆ ಮನೇಲೇ ಬೋಳಿಸ್ಕೊಂಡು ಬರ್ತೀರೋ, ಇಲ್ಲೇ ಬ್ಲೇಡ್ ತರ್ಲೋ?"

ಮೀಸೆ ಮುಚ್ಕೊಂಡು ಒಳಗೆ ಹೋದ ಶೇಟರು ಫೋಟೋ ಸುದ್ದಿ ಮತ್ತೆ ಎತ್ತಲಿಲ್ಲ.