ಗೀಜಗನ ಕೊನೆಯ ಹೊಲಿಗೆ

"೧೯೭೮ ಆಗಸ್ಟ್ ೧೩, ಭಾನುವಾರ. ಕೆರೆ ಏರಿಯ ಜಾಲಿಮರದಲ್ಲಿ ಗೀಜಗನ ಗೂಡು. ಎಂಟು ಫೋಟೋ ತೆಗೆದೆ. ಕ್ಯಾಮೆರಾದ ಕಿಂಡಿ ಅತಿ ಕಿರಿದು, ಅದರ ಅಂಕೆ ಇಪ್ಪತ್ತೆರಡು. ಎಂಟೂ ಮಂಕು."

ನಾನು ಬಿ.ಎಸ್ಸಿ. ಓದುವಾಗ ಬರೆದ ಡೈರಿ ಇದು. ಮಗು ಮಿಥಿಲಾ, ಇಂದು ಗೀಜಗನ ಗೂಡಿನ ಫೋಟೋ ತೆಗೆಯುವಾಗ ನೀನೂ ಮೊದಲು ಕಿಂಡಿಯನ್ನು ಇಪ್ಪತ್ತೆರಡಕ್ಕೇ ಇಟ್ಟೆಯಲ್ಲ! ಬಾ, ಯಾಕೆ ಹಾಗಾಯಿತು ಹೇಳುತ್ತೇನೆ.

ಲೋಕದ ಬಣ್ಣ ಇನ್ನೂ ಒಣಗಿರದ ಕಾಲ. ಬೆಳಕು ಮನೆಮನೆಗೆ ಬಂದು ಮಾತಾಡಿಸುತ್ತಿದ್ದಳು. ಆಗ ಗೀಜಗನ ಗೂಡು ದುಂಡಗಿತ್ತು, ಬಾಗಿಲು ಪಕ್ಕದಲ್ಲಿತ್ತು. ಒಳಗೆ ಗೀಜಗ, ಹೆಂಡತಿ, ಮೂರು ಮೊಟ್ಟೆ. ಕೆಳಗೆ ಹಸಿದ ಹಾವು.

"ಹಾವು ಹತ್ತಿದರೆ ನಮಗೆ ಗೊತ್ತಾಗೋದು ಹೇಗ್ರೀ?" ಎಂದಳು ಹೆಂಡತಿ.

ಹಾವು ನುಗ್ಗದಿರಲೆಂದು ಗೀಜಗ ಒಳಗಿನಿಂದಲೇ ಹುಲ್ಲಿನೆಳೆ ಎಳೆದು ಬಾಗಿಲನ್ನು ಹೊಲಿದ. ಬಾಗಿಲು ಕಿಂಡಿಯಾಯಿತು. ಅಬ್ಬಾ! ಎದುರು ಗೋಡೆಯ ಮೇಲೆ ಹೊರಗಿನ ಮರ ತಲೆಕೆಳಗಾಗಿ ಮೂಡಿತು!

ಇನ್ನೊಂದು ಹೊಲಿಗೆ. ಎಲೆಗಳು ಕಂಡವು. ಮತ್ತೊಂದು ಹೊಲಿಗೆ. ಮುಳ್ಳುಗಳು ಕಂಡವು!

"ನೋಡೇ, ಮುಳ್ಳು ಎಣಿಸಬಹುದು!" ಎಂದು ಗೀಜಗ ಕುಣಿದ.

"ಸಾಕು ಗೀಜಗಣ್ಣ," ಎಂದಳು ಬೆಳಕು. "ಇನ್ನೂ ಕಿರಿದಾದರೆ ನನಗೆ ನೆಟ್ಟಗೆ ಬರೋಕಾಗಲ್ಲ. ನಾನು ಅಲೆಯಾಗಿ ನಡೆಯೋಳು. ಕೆರೆಯ ಅಲೆ ಕಲ್ಲಿನ ಸಂದಿ ದಾಟಿದರೆ ಬೀಸಣಿಗೆ ಹಾಗೆ ಹರಡಲ್ವಾ? ನಾನೂ ಹಾಗೇ."

"ಹೊಲಿಗೆ ನನಗೇ ಹೇಳಿಕೊಡ್ತೀಯಾ? ಕಿಂಡಿ ಸಣ್ಣದಾದಷ್ಟೂ ಚಿತ್ರ ಚೊಕ್ಕ!" ಎಂದು ಗೀಜಗ ಇನ್ನೊಂದು ಎಳೆ ಬಿಗಿದ.

ಈಗ ಕಿಂಡಿ ಸೂಜಿಮೊನೆಯಷ್ಟು. ಬೆಳಕು ನುಸುಳಿದಳು, ನುಸುಳಿದ್ದೇ ಹರಡಿದಳು. ಮುಳ್ಳುಗಳು ಒಂದರೊಳಗೊಂದು ಕರಗಿದವು.

"ಕೊಂಬೆ ಮೇಲೆ ಉದ್ದಕ್ಕೆ ಅದೇನ್ರೀ?"

"ಬಳ್ಳಿ ಕಣೇ."

"ಬಳ್ಳಿ ನಡೆಯುತ್ತೇನ್ರೀ?"

ಗೂಡು ಅಲ್ಲಾಡಿತು! ಹಾವಿನ ಮೂತಿ ಹುಲ್ಲು ಸೀಳಿ ಒಳಗೇ ಬಂತು! ಇಬ್ಬರೂ ಅದರ ಕಣ್ಣಿಗೇ ಕುಕ್ಕಿದರು, ಕುಕ್ಕಿದರು, ಕುಕ್ಕುತ್ತಲೇ ಇದ್ದರು. ಕೊನೆಗೆ ಹಾವು ಜಾರಿ ಕೆರೆಗೆ ಬಿತ್ತು.

ಅಂದಿನಿಂದ ಗೀಜಗ ಚಿತ್ರ ನೋಡುವುದನ್ನೇ ಬಿಟ್ಟ. ಹಾವು ಜಾರಲೆಂದು ಬಾಗಿಲನ್ನು ಅಂಗಿಯ ತೋಳಿನಂತೆ ಕೆಳಕ್ಕೆ ಇಳಿಬಿಟ್ಟ. ಬೆಳಕು ಮಾತ್ರ ತನ್ನ ನಡಿಗೆ ಬದಲಿಸಲಿಲ್ಲ. ಅದಕ್ಕೇ ಮಗು, ಇಂದು ಇಪ್ಪತ್ತೆರಡರಲ್ಲಿ ನಿನ್ನ ಫೋಟೋದ ಗೂಡಿನ ಅಂಚೆಲ್ಲ ಮಂಕಾಯಿತು, ಕಿಂಡಿ ಅಗಲಿಸಿ ಅಂಕೆಯನ್ನು ಎಂಟಕ್ಕೆ ತಂದಾಗ ಒಂದೊಂದು ಹುಲ್ಲಿನೆಳೆಯೂ ಕಂಡಿತು.

ಗೀಜಗ ಆ ಕೊನೆಯ ಹೊಲಿಗೆಗೆ ತೆತ್ತ ಬೆಲೆ: ಮೂರು ಮೊಟ್ಟೆಗಳಲ್ಲಿ ಒಂದು.